ಎಂ.ಎ.ಗೆ ದೊಡ್ಡಪ್ಪನ ಹೂಂ

ನಾಗವೇಣಿ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುತ್ತೇನೆಂದಳು. "ದೊಡ್ಡಪ್ಪ ಹೂಂ ಅಂದರೆ ಸರಿ" ಎಂದು ಅಪ್ಪ ಜಾರಿಕೊಂಡರು.

ದೊಡ್ಡಪ್ಪ ಜಗಲಿಯಿಂದಲೇ ಗುಡುಗಿದರು: "ಊರ ಮಂದಿ ಹೇಗೆ ಬದುಕ್ತಾರೆ ಅಂತ ಓದೋಕೆ ಎರಡು ವರ್ಷ ಬೇಕೇನೇ? ಸುಮ್ಮನೆ ಬಿ.ಎಡ್. ಮಾಡು!"

ಅಷ್ಟರಲ್ಲಿ ಕರೆಂಟ್ ಮೀಟರ್ ನೋಡುವವನು ಬಂದ. ದೊಡ್ಡಪ್ಪ ಬಿಡುತ್ತಾರೆಯೇ? ಯಾವೂರು, ಯಾರ ಮಗ, ಮನೆದೇವರು ಯಾವುದು, ಅಕ್ಕನನ್ನು ಎಲ್ಲಿಗೆ ಕೊಟ್ಟಿದೆ, ಎಲ್ಲ ಕೇಳಿದರು. ಹೊರಡುವ ಹೊತ್ತಿಗೆ ಅವನು ದೂರದ ಸಂಬಂಧದಲ್ಲಿ ಅಳಿಯನಾಗಿದ್ದ.

"ಅಲ್ಲಿ ಕಲಿಸೋದು ಇದನ್ನೇ ದೊಡ್ಡಪ್ಪ," ಎಂದಳು ನಾಗವೇಣಿ. "ಫೀಲ್ಡ್‌ವರ್ಕ್ ಅಂತಾರೆ. ನಿಮ್ಮ ಹಾಗೆ ಕೇಳೋಕೆ ನನ್ನಂಥವಳಿಗೆ ಎರಡು ವರ್ಷವಾದರೂ ಬೇಡವೇ?"

ದೊಡ್ಡಪ್ಪ ಹೆಗಲ ಟವೆಲು ಸರಿಮಾಡಿಕೊಂಡರು. "ಎರಡು ಎಲ್ಲಿ ಸಾಕು! ಹೂಂ, ಸೇರಿಕೋ. ಅಂದಹಾಗೆ, ಅಲ್ಲಿ ಪಾಠ ಮಾಡೋ ಮೇಷ್ಟ್ರು ಯಾವೂರವರಂತೆ? ಯಾರ ಮಗ?"