ಅಳುಮೋರೆ ಮರ

ಹೊಳೆದಂಡೆಯ ಆ ಆಶ್ರಮಕ್ಕೆ ಯಾರೇ ಬರಲಿ, ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಗುರುಗಳಲ್ಲ, ಅಂಗಳದ ನಟ್ಟನಡುವೆ ಒಂಟಿಯಾಗಿ ನಿಂತಿದ್ದ ಒಂದು ಮರ. ವರ್ಷವಿಡೀ ಹಸಿರು. ಕೊಂಬೆಗಳೆಲ್ಲ ನೆಲದ ಕಡೆಗೆ ಇಳಿಬಿದ್ದಿದ್ದವು.

ಬೆಳೆಸಿದವನು ಶಿಷ್ಯ ಮುದ್ದಯ್ಯ. ಸಸಿಯಾಗಿದ್ದಾಗ ಅದರ ತುದಿಯೂ ನೆಲಕ್ಕೇ ಬಾಗುತ್ತಿತ್ತು. ಬಿದಿರುಕೋಲು ಊರಿ, ಕಟ್ಟಿ, ಆರು ವರ್ಷದಲ್ಲಿ ಅದನ್ನು ಎರಡಾಳೆತ್ತರ ಏರಿಸಿದ್ದ. ಮರವೆಂದರೆ ಅವನಿಗೆ ಪ್ರಾಣ.

ಒಂದು ದಿನ ಪೇಟೆಯಿಂದ ಭಕ್ತ ಗುರುಮಲ್ಲಪ್ಪ ಬಂದ. ಎಲ್ಲರಂತೆ ಅವನೂ ಗುರುಗಳನ್ನು 'ಬುದ್ಧಿ' ಎಂದೇ ಕರೆಯುತ್ತಿದ್ದ.

"ಏನ್ ಬುದ್ಧೀ ಇದು, ಬಾಗಿಲೆದುರಿಗೇ ಅಳುಮೋರೆ ಮರ! ಸೋಮವಾರ ಆಳು ಕರ್ಕೊಂಡು ಬರ್ತೀನಿ. ಇದನ್ನ ಕಿತ್ತು, ನೆಟ್ಟಗಿರೋದೊಂದು ನೆಡಿಸ್ತೀನಿ."

ಗುರುಗಳು ನಗುತ್ತ ಒಳಗೆ ನಡೆದರು.

ಇದನ್ನು ಕೇಳಿದ ಮುದ್ದಯ್ಯನಿಗೆ ಮರ ಹೋಗಿಯೇಬಿಡುತ್ತದೆ ಎಂಬ ಹೆದರಿಕೆ ಹತ್ತಿತು. ಭಾನುವಾರ ಸಂಜೆ ಹಗ್ಗ ತಂದು ಕೊಂಬೆಗಳನ್ನೆಲ್ಲ ಮೇಲಕ್ಕೆಳೆದು ಕಾಂಡಕ್ಕೆ ಬಿಗಿದ. ಪಾಪ, ಜುಟ್ಟು ಎಳೆದು ಕಟ್ಟಿದ ಮಗುವಿನ ಹಾಗೆ ಕಾಣುತ್ತಿತ್ತು ಮರ. ಹೇಗಾದರೇನು, ನೆಟ್ಟಗಿತ್ತಲ್ಲ!

ಸೋಮವಾರ ಗುರುಮಲ್ಲಪ್ಪ ಗುದ್ದಲಿ ಹೊತ್ತ ಆಳುಗಳ ಜೊತೆ ಬಂದೇಬಿಟ್ಟ. ಗುರುಗಳು ಮರವನ್ನು ನೋಡಿದರು, ಮುದ್ದಯ್ಯನನ್ನು ನೋಡಿದರು.

"ಮೊದಲು ಎಲ್ಲರಿಗೂ ಊಟ ಆಗಲಿ. ಮುದ್ದಯ್ಯ, ಇವತ್ತು ನೀನು ಬಡಿಸು. ಆದರೆ ಬಗ್ಗಬೇಡ."

"ಬಗ್ಗದೆ ಹೇಗೆ ಬುದ್ಧೀ? ಎಲೆ ನೆಲದ ಮೇಲಿರುತ್ತಲ್ಲ!"

"ಬಗ್ಗಿದರೆ ಅಳುಮೋರೆ ಅಂದುಬಿಡ್ತಾರೆ, ಹುಷಾರು. ನೆಟ್ಟಗೆ ನಿಂತು ಬಡಿಸು."

ಗುರುಗಳ ಮಾತು ಮೀರುವುದುಂಟೇ? ಸೊಂಟದೆತ್ತರದಿಂದ ಅನ್ನ ಹಾಕಿದ. ಅರ್ಧ ಎಲೆಗೆ ಬಿತ್ತು, ಅರ್ಧ ನೆಲಕ್ಕೆ. ಸಾರು ಹಾಕಿದ. ಅದು ನೇರ ಗುರುಮಲ್ಲಪ್ಪನ ಬಿಳಿ ಪಂಚೆಗೆ!

"ಅಯ್ಯಯ್ಯೋ! ಬಗ್ಗೋ ಮಾರಾಯ, ಬಗ್ಗು!" ಗುರುಮಲ್ಲಪ್ಪ ಚಂಗನೆ ಎದ್ದು ಕುಣಿದ.

ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು. ಕೊನೆಗೆ ಗುರುಮಲ್ಲಪ್ಪನಿಗೂ ನಗು ತಡೆಯಲಾಗಲಿಲ್ಲ.

ಮುದ್ದಯ್ಯ ಸೌಟು ಹಿಡಿದೇ ಅಂಗಳದ ಮರದತ್ತ ತಿರುಗಿ ನೋಡಿದ. ಅವನಿಗೆ ಏನೋ ಹೊಳೆಯಿತು. ಬಕೆಟ್ಟು ಅಲ್ಲೇ ಇಟ್ಟು ಅಂಗಳಕ್ಕೆ ಓಡಿದ. ಒಂದೊಂದೇ ಹಗ್ಗ ಬಿಚ್ಚಿದ. ಕೊಂಬೆಗಳು ಸರ್ರನೆ ಇಳಿದು ಅವನ ಹೆಗಲು ಸವರಿದವು. ಖುಷಿಗೆ ಕಣ್ಣು ತುಂಬಿ ಬಂತು. ಅಷ್ಟು ದಿನದ ಹೆದರಿಕೆ ಎಲ್ಲಿ ಹೋಯಿತೋ!

ಪಂಚೆ ಒದರಿಕೊಳ್ಳುತ್ತ ಗುರುಮಲ್ಲಪ್ಪ ಹಿಂದೆಯೇ ಬಂದ. ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ತಲೆ ತಗ್ಗಿಸಿ ಅವನೂ ನೆರಳಿಗೆ ನುಗ್ಗಿದ. ಎಷ್ಟೆಂದರೂ ಹಟವಾದಿ, ಅಲ್ಲಿಂದಲೇ ಕೂಗಿದ.

"ನೋಡಿ ಬುದ್ಧೀ, ನಿಮ್ಮ ಮರ ಮತ್ತೆ ಅಳೋಕೆ ಶುರು ಮಾಡ್ತು!"

ಗುರುಗಳು ಜಗಲಿಯ ಮೇಲೆ ಬಂದು ನಿಂತರು.

"ಅಳ್ತಾ ಇಲ್ಲ ಕಣಯ್ಯ, ಬಡಿಸ್ತಾ ಇದೆ. ಕೂತ್ಕೋ."