ಮೂರು ಕಾವಲಿನ ಕಾಫಿ

ಜೈಲು ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದ ಚೆನ್ನವೀರಯ್ಯನವರು ಮನೆಯ ಕಂಪ್ಯೂಟರಿಗೂ ಜೈಲಿನ ಶಿಸ್ತನ್ನೇ ತಂದಿದ್ದರು. ವೈರಸ್ ನುಗ್ಗಬಾರದೆಂದು ಒಂದಲ್ಲ, ಮೂರು ಆಂಟಿವೈರಸ್ ಹಾಕಿಸಿದ್ದರು. ಅಂದಿನಿಂದ ಮೌಸ್ ಎಳೆದರೆ ಪರದೆಯ ಮೇಲೆ ಬಾಣ ಕುಂಟುತ್ತಿತ್ತು, ಹಾಡು ಹಾಕಿದರೆ ಬಿಕ್ಕುತ್ತಿತ್ತು.

ನಾಳೆ ಅವರ ಹೆಂಡತಿಯ ಪುಣ್ಯಸ್ಮರಣೆ. ಆಕೆ ಹಾಡಿದ, ಅವರೇ ರೆಕಾರ್ಡ್ ಮಾಡಿದ ಒಂದು ವಚನ ಆ ಕಂಪ್ಯೂಟರಿನಲ್ಲಿತ್ತು; ಅದನ್ನು ಅಂದು ಎಲ್ಲರಿಗೂ ಕೇಳಿಸಬೇಕಿತ್ತು.

"ಸಂಜೆಯೊಳಗೆ ಸರಿಯಾಗಬೇಕು," ಎಂದು ಸೊಸೆ ಸುವರ್ಣಳಿಗೆ ಅಪ್ಪಣೆಯಾಯಿತು. "ಆದರೆ ಕಾವಲು ಒಂದನ್ನೂ ತೆಗೆಯಕೂಡದು. ಒಂದೇ ಬೀಗ ನಂಬಿ ಜೈಲು ನಡೆಸಿದವನಲ್ಲ ನಾನು."

"ಆಗಲಿ ಮಾವ. ಮೊದಲು ಕಾಫಿ ತರ್ತೀನಿ."

ಅಡುಗೆಮನೆಯ ಹೊಸ್ತಿಲಲ್ಲಿ ಸುವರ್ಣ ಲೋಟ ಕೆಳಗಿಟ್ಟಳು. ಮುಚ್ಚಳ ತೆಗೆದಳು, ಬಗ್ಗಿ ನಿಧಾನವಾಗಿ ನೋಡಿದಳು, ಮುಚ್ಚಿದಳು. ನಡುಮನೆಯ ಹೊಸ್ತಿಲಲ್ಲೂ ಹಾಗೇ. ಮಾವನ ಕೋಣೆಯ ಹೊಸ್ತಿಲಲ್ಲೂ ಹಾಗೇ.

"ಇದೇನಮ್ಮಾ ಹೊಸ ಪದ್ಧತಿ?"

"ಹುಳ ಬಿದ್ದಿದೆಯಾ ಅಂತ ತಪಾಸಣೆ ಮಾವ. ಒಂದು ಬಾಗಿಲು ನೋಡಿದ್ದನ್ನ ಇನ್ನೊಂದು ನಂಬಬಾರದಲ್ಲ. ನಿಮ್ಮ ಕಂಪ್ಯೂಟರಲ್ಲೂ ಹೀಗೇ ನಡೀತಿರೋದು."

ಅವರು ಒಂದು ಗುಟುಕು ಕುಡಿದರು. ಕಾಫಿ ಆರಿತ್ತು. ಲೋಟ ಕೆಳಗಿಟ್ಟರು. ಆಮೇಲೆ, ಕೈದಿಗಳ ಬಿಡುಗಡೆಗೆ ಸಹಿ ಹಾಕುವ ಗಾಂಭೀರ್ಯದಲ್ಲಿ, "ಒಂದು ಇರಲಿ. ಎರಡನ್ನ ತೆಗಿ," ಎಂದರು.

ತೆಗೆದಳು. ವಚನ ಎಲ್ಲೂ ತಡವರಿಸದೆ ಕೊನೆ ಮುಟ್ಟಿತು. ಹಾಡು ಮುಗಿದ ಮೇಲೂ ರೆಕಾರ್ಡಿನಲ್ಲಿ ಹೆಂಡತಿಯ ದನಿ ಇತ್ತು. ಇಷ್ಟು ದಿನ ಆ ಬಿಕ್ಕಳಿಕೆಯಲ್ಲಿ ಅದು ಕೇಳಿಸಿರಲೇ ಇಲ್ಲ.

"ಸಾಕು ನಿಲ್ಲಿಸ್ರಿ. ನಿಮ್ಮ ಕಾಫಿ ಆರಿಹೋಗ್ತಿದೆ."

ಚೆನ್ನವೀರಯ್ಯನವರು ತಣ್ಣಗಿನ ಲೋಟ ಎತ್ತಿ, ಒಂದು ಹನಿಯೂ ಉಳಿಸದೆ ಕುಡಿದರು.