ಗಳಿಗೆ ಮುರಿದ ಗೌರಿಯ ಕಥೆ

ದೀಪದ ಕುಡಿ ಏರಿಸಿ, ಬಲಗೈಯ ಮುಷ್ಟಿಯಲ್ಲಿ ಅಕ್ಷತೆ ಹಿಡಿದು, ಫೋನುಗಳನ್ನು ಬೋರಲು ಮಲಗಿಸಿ, ಮುಂದೆ ಕೂತ ಹೆಣ್ಣುಮಕ್ಕಳೂ ಹಿಂದೆ ಗೋಡೆಗೆ ಒರಗಿದ ಗಂಡಸರೂ ಮನಸ್ಸಿಟ್ಟು ಕೇಳಿರಿ. ಇದು ಗಳಿಗೆ ಗೌರಿಯ ಮಹಿಮೆ. ಹೊಸ ಸೀರೆಯ ಮಡಿಕೆಗೆ ನಮ್ಮ ಸೀಮೆಯಲ್ಲಿ ಗಳಿಗೆ ಎನ್ನುತ್ತಾರೆ. ಅದನ್ನು ಮೊದಲ ಸಲ ಬಿಚ್ಚಿ ಉಡುವುದಕ್ಕೆ ಗಳಿಗೆ ಮುರಿಯುವುದು ಎನ್ನುತ್ತಾರೆ. ಒಳ್ಳೆಯ ಹೊತ್ತಿಗೂ ಗಳಿಗೆ ಎಂದೇ ಹೆಸರು. ಈ ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿದ ಹಿರಿಯರು ಯಾರೋ ತಿಳಿಯದು, ತಿಳಿದೇ ಕಟ್ಟಿದ್ದಾರೆ.

ಒಮ್ಮೆ ಕೈಲಾಸದಲ್ಲಿ, ಒಂದೇ ಹುಲಿದೊಗಲಿನಲ್ಲಿ ಯುಗಯುಗಗಳನ್ನು ಕಳೆದ ಗಂಡನ ಪಕ್ಕದಲ್ಲಿ ಕೂತು ಗೌರಿಯು ಭೂಲೋಕವನ್ನು ನೋಡುತ್ತಿರಲಾಗಿ, ದೀಪಾವಳಿ ಹತ್ತಿರವಾಗಿತ್ತು. ಜಗತ್ತೆಲ್ಲ ರಟ್ಟಿನ ಡಬ್ಬಿಗಳೊಳಗೆ ಹೊಕ್ಕು ಪ್ರಯಾಣ ಹೊರಟಿತ್ತು. ಲಾರಿಗಳಲ್ಲಿ, ರೈಲುಗಳಲ್ಲಿ, ಬೈಕಿನವರ ಬೆನ್ನಿನ ಚೀಲಗಳಲ್ಲಿ ಕೋಟ್ಯಂತರ ಗಜ ಬಟ್ಟೆ ಒಂದೂರಿನಿಂದ ಇನ್ನೊಂದೂರಿಗೆ ಹೋಗಿ, ಅದರಲ್ಲಿ ಅರ್ಧ ಅದೇ ದಾರಿಯಲ್ಲಿ ತಿರುಗಿ ಬರುತ್ತಿತ್ತು. ಗಂಗೆ ಧರೆಗಿಳಿದ ದಿನವೂ ಇಷ್ಟು ಸದ್ದಾಗಿರಲಿಲ್ಲವೆಂದು ದೇವಿಯು ಬೆರಗಾಗಿ, ಇಷ್ಟರಲ್ಲಿ ಉಟ್ಟದ್ದೆಷ್ಟು ನೋಡಿ ಬರುವೆನು ಎಂದು ಪತಿಗೆ ಅರಿಕೆ ಮಾಡಿದಳು. ಶಿವನು ಕಣ್ಣು ಮುಚ್ಚಿ ಧ್ಯಾನದಲ್ಲಿದ್ದನು. ಸೀರೆಯ ಮಾತು ಬಂದಾಗ ಅವನಿಗೆ ಧ್ಯಾನ ಬೇಗ ಹತ್ತುತ್ತಿತ್ತು.

ಮಲಪ್ರಭೆಯ ದಂಡೆಯಲ್ಲಿ ಬಟ್ಟಲಗೇರಿ ಎಂಬ ಪಟ್ಟಣವಿದ್ದಿತು. ಅಲ್ಲಿ ನೀಲಗಂಗವ್ವನೆಂಬ ಹಿರಿಯಳೂ, ಆಕೆಯ ಮಗ ಚನ್ನವೀರನೂ, ಸೊಸೆ ಸ್ಫೂರ್ತಿಯೂ ಒಂದೇ ಸೂರಿನಡಿ ಬಾಳುತ್ತಿದ್ದರು. ಸೊಸೆಯು ತುಂಬಿದ ಬಸುರಿ. ತವರಿನಲ್ಲಿ ತಾಯಿಯಿಲ್ಲದ್ದರಿಂದ ಬಾಣಂತನವು ಅತ್ತೆಯ ಕೈಯಲ್ಲೇ ಆಗುವುದಿತ್ತು.

ನೀಲಗಂಗವ್ವನಿಗೆ ಕೂಡಿಡುವುದೇ ಧರ್ಮ. ಆಕೆಯ ಕಬ್ಬಿಣದ ಕಪಾಟಿನಲ್ಲಿ ಧಾರೆಯ ಸೀರೆ, ಸೀಮಂತದ ಕುಬುಸದ ಸೀರೆ, ಮಗ ಹುಟ್ಟಿದಾಗಿನ ಇಳಕಲ್ಲ ಸೀರೆ, ಸತ್ತ ಅಕ್ಕ ಕೊಟ್ಟ ಪತ್ತಲ ಎಲ್ಲವೂ ಡಾಂಬರು ಗುಳಿಗೆಗಳ ನಡುವೆ ತಪಸ್ಸಿಗೆ ಕೂತಿದ್ದವು. ಧಾರೆಯ ಸೀರೆಯನ್ನು ಧಾರೆಯ ದಿನ ಕೂಡ ಹೆಗಲ ಮೇಲೆ ಇಟ್ಟುಕೊಂಡಿದ್ದಳೇ ಹೊರತು ಬಿಚ್ಚಿರಲಿಲ್ಲ. ಒಳ್ಳೆಯ ಗಳಿಗೆ ಬರಲೆಂದು ಕಾಯುತ್ತಿದ್ದಳು. ಕಾಯುತ್ತ ಕಾಯುತ್ತ ಎರಡೇ ಪಾಲಿಸ್ಟರ್ ಸೀರೆಗಳನ್ನು ಸರದಿಯಲ್ಲಿ ಉಡುತ್ತಿದ್ದಳು. ಅವು ಹರಿಯುತ್ತಿರಲಿಲ್ಲ, ಮಾಸುತ್ತಿರಲಿಲ್ಲ, ಮೆತ್ತಗೂ ಆಗುತ್ತಿರಲಿಲ್ಲ.

ಸೊಸೆಗೆ ತರಿಸುವುದೇ ಧರ್ಮ. ಹಬ್ಬದ ಮಹಾಮಾರಾಟದ ದಿನಗಳಲ್ಲಿ ಅವಳ ಫೋನಿನಲ್ಲಿ ಗಡಿಯಾರವೊಂದು ಹಿಮ್ಮುಖವಾಗಿ ಓಡುತ್ತಿತ್ತು. ‘ಕೊನೆಯದೊಂದೇ ಉಳಿದಿದೆ’ ಎಂದು ಅಶರೀರವಾಣಿಯಾಗುತ್ತಿತ್ತು. ಆ ಗಳಿಗೆ ಮೀರುವುದರೊಳಗೆ ಅವಳು ಬೆರಳಿಡುತ್ತಿದ್ದಳು. ಬಂದ ಸೀರೆ ಚೀಟಿ ಸಮೇತ ಡಬ್ಬಿಯಲ್ಲೇ ಉಳಿಯುತ್ತಿತ್ತು. ಮನಸ್ಸು ಬದಲಾದರೆ ಹಿಂದಿರುಗಿಸಬೇಕಲ್ಲ! ಮನೆಯಲ್ಲಿ ತೊಡುವುದು ನೈಟಿ. ಹೀಗೆ ಒಬ್ಬಳು ಗಳಿಗೆ ಬರಲೆಂದು ಕೂತಳು, ಒಬ್ಬಳು ಗಳಿಗೆ ಹೋದೀತೆಂದು ಓಡಿದಳು. ಗಳಿಗೆಯನ್ನು ಮಾತ್ರ ಯಾರೂ ಮುರಿಯಲಿಲ್ಲ.

“ಮೂಲ್ಯಾಗ ಡಬ್ಬಿ, ಮಂಚದ ಬುಡಕ ಡಬ್ಬಿ. ಹುಟ್ಟೂ ಕೂಸಿನ ತೊಟ್ಟಲಾ ಎಲ್ಲಿ ಕಟ್ಟೂಣವಾ?” ಎಂದು ಅತ್ತೆ ಕೇಳಿದಳು.

“ನಿಮ್ಮ ಕಪಾಟ ಸರಿಸಿದ್ರ ಜೋಡೆತ್ತಿನ ಬಂಡಿ ನಿಲ್ತೈತಿ ಅತ್ತೀ.”

“ಅದು ಉಳಿತಾಯ!”

“ಇದೂ ಉಳಿತಾಯನ. ಅರ್ಧಾ ರೇಟಿಗೆ ಬಂದಾವು. ಎಷ್ಟ ತೊಗೋತೀವಿ ಅಷ್ಟ ಉಳೀತೈತಿ.”

ಇಬ್ಬರೂ ಉಳಿಸುವವರೇ ಆದ್ದರಿಂದ ಆ ಮನೆಯಲ್ಲಿ ಕಾಲಿಡಲು ಜಾಗ ಉಳಿದಿರಲಿಲ್ಲ. ನ್ಯಾಯ ಹೇಳೆಂದು ಕರೆದಾಗಲೆಲ್ಲ ಚನ್ನವೀರನು ಟಾಕಿಯಲ್ಲಿ ನೀರು ತುಂಬಿತೇ ನೋಡಿ ಬರುವೆನೆಂದು ಮಾಳಿಗೆ ಹತ್ತುತ್ತಿದ್ದನು. ಆ ಟಾಕಿ ತುಂಬಿದ್ದನ್ನು ಯಾರೂ ಕಂಡಿಲ್ಲ.

ಪಾಡ್ಯದ ದಿನ ಗೌರಿಯು ಮುದುಕಿಯ ವೇಷದಲ್ಲಿ ಆ ಮನೆಯ ಹೊಸ್ತಿಲಿಗೆ ಬಂದಳು. ಒಗೆದು ಒಗೆದು ಬಣ್ಣ ಬಿಟ್ಟ, ಕೆಂಪು ಸೆರಗಿನ ಹಳೆಯ ನೂಲಿನ ಸೀರೆ ಉಟ್ಟಿದ್ದಳು. “ಯವ್ವಾ, ಮೈಮ್ಯಾಲೆ ಇದೊಂದ ಸೀರಿ. ಅರ್ಧಾ ಒಗದು ಅರ್ಧಾ ಉಟಗೊಂಡು ಹೊಳಿ ದಂಡ್ಯಾಗ ಕುಂದರ್ತೀನಿ. ಹಬ್ಬ ಐತಿ, ಒಂದು ಸೀರಿ ಕೊಡ್ರಿ. ಗಳಿಗಿ ಮುರದು ಹರಸ್ತೀನಿ” ಎಂದು ಬೇಡಿದಳು.

ಅತ್ತೆಯು, “ನನ್ನವು ಒಳ್ಳೆ ಗಳಿಗಿಗಂತ ಇಟ್ಟಾವು” ಎಂದಳು. ಸೊಸೆಯು, “ನನ್ನವು ಚೀಟಿ ಹರದ್ರ ವಾಪಸ್ ತೊಗೊಳ್ಳೂದಿಲ್ಲ ಅಜ್ಜಿ” ಎಂದಳು. ಮದುವೆಯಾದ ಲಾಗಾಯ್ತು ಅತ್ತೆ ಸೊಸೆಯರ ಮಾತು ಕೂಡಿದ್ದು ಅದೇ ಮೊದಲು. ಮುದುಕಿಯು ನಕ್ಕು, “ಆತು ಬಿಡ್ರೆವಾ. ನಿಮ್ಮ ಗಳಿಗಿ ನಿಮಗ ಇರಲಿ” ಎಂದು ಹೇಳಿ ಹೋದಳು. ಕೇಳಿದವರಿಗೆ ಅದು ಹರಸಿದ ಹಾಗೆಯೇ ಕೇಳಿಸಿತು.

ಮರುದಿನ ಬೆಳಗಾಗಿ ನೋಡುತ್ತಾರೆ, ಆ ಮನೆಯಲ್ಲಿ ಮಡಚಿದ್ದು ಯಾವುದೂ ಬಿಚ್ಚಲಿಲ್ಲ. ಕೊಡೆ ಬಿಚ್ಚಲಿಲ್ಲ, ಚಾಪೆ ಬಿಚ್ಚಲಿಲ್ಲ, ಬಾಗಿಲಿಗೆ ಬಂದು ಬಿದ್ದ ಪತ್ರಿಕೆ ಸುರುಳಿಯಲ್ಲೇ ಉಳಿಯಿತು. ಒಲೆಯ ಮುಂದೆ ಕೂತ ನೀಲಗಂಗವ್ವನ ಮಂಡಿ ಮಡಚಿದ್ದು ಮಡಚಿದಂತೆಯೇ ನಿಂತು, ಮಗನು ಎತ್ತಿಕೊಂಡು ಹೋಗಿ ಮಂಚದ ಮೇಲೆ ಕೂರಿಸಬೇಕಾಯಿತು. ಗಾಬರಿಯಾಗಿ ಕಪಾಟು ತೆರೆದು ಸೀರೆ ಬಿಚ್ಚಹೋದರೆ, ರೇಷ್ಮೆಯು ಶಿಲೆಯಂತೆ ಕೂತಿತ್ತು. ಡಬ್ಬಿಯ ಸೀರೆಗಳೂ ಹಾಗೆಯೇ. ಚನ್ನವೀರನು ಒಂದು ತುದಿ ಕಾಲಲ್ಲಿ ಒತ್ತಿ ಇನ್ನೊಂದು ತುದಿ ಜಗ್ಗಿದನು. ಅವನ ಸೊಂಟ ಹಿಡಿಯಿತೇ ವಿನಾ ಮಡಿಕೆ ಅಲುಗಲಿಲ್ಲ. ಫೋನು ಮಾತ್ರ ಎಂದಿನಂತೆ ತೆರೆದುಕೊಂಡು, ಕೊನೆಯದೊಂದೇ ಉಳಿದಿದೆ ಎನ್ನುತ್ತಿತ್ತು.

ಇಂಥ ಹೊತ್ತಿನಲ್ಲಿ ಸ್ಫೂರ್ತಿಗೆ ಬ್ಯಾನೆ ಬಂದು, ಆಸ್ಪತ್ರೆಯಲ್ಲಿ ಹೆಣ್ಣುಕೂಸು ಹುಟ್ಟಿ, ಮನೆಗೆ ಬಂದಿತು. ಬಂದ ಕೂಸು ಅಳುವುದಕ್ಕೆ ತೊಡಗಿ ನಿಲ್ಲಿಸಲಿಲ್ಲ. ಸುತ್ತಿ ತಂದ ಟವೆಲ್ಲು ಹೂವಿನಂಥ ಮೈಯನ್ನು ಗೀರುತ್ತಿತ್ತು. ಹಸುಗೂಸಿಗೆ ಬೇಕಾದದ್ದು ಹಳೆಯ ನೂಲಿನ ಸೀರೆ. ಉಟ್ಟು ಉಟ್ಟು ಬೆಣ್ಣೆಯಾದದ್ದು. ಕಪಾಟು ತುಂಬ, ಮಂಚದ ಬುಡ ತುಂಬ ಸೀರೆಯಿದ್ದ ಆ ಮನೆಯಲ್ಲಿ ಉಟ್ಟು ಮೆತ್ತಗಾದ ಸೀರೆ ಒಂದೂ ಇರಲಿಲ್ಲ. ನೆರೆಹೊರೆಯವರನ್ನು ಕೇಳಿದರೆ ಅವರು ಹಳೆಯವನ್ನೆಲ್ಲ ಪಾತ್ರೆಯವಳಿಗೆ ಹಾಕಿ ಸ್ಟೀಲಿನ ಡಬ್ಬಿ ತೆಗೆದುಕೊಂಡಿದ್ದರು. ಡಬ್ಬಿ ಕೊಡಲೇ ಎಂದು ಕೇಳಿದರು.

ಕೂಸು ಎರಡು ಗುಟುಕು ಕುಡಿಯುವುದು, ಚೀರುವುದು, ದಿನದಿನಕ್ಕೆ ಬಾಡುವುದು. ಅದರ ಮುಷ್ಟಿಗಳು ಒಂದು ಸಲವೂ ಬಿಚ್ಚಲಿಲ್ಲ. ಎಲ್ಲ ಕೂಸುಗಳೂ ಹಾಗೆಯೇ ಎಂದು ಡಾಕ್ಟರು ಹೇಳಿದರು. ಆದರೆ ನೀಲಗಂಗವ್ವ ತನ್ನ ಬೆರಳನ್ನು ಆ ಮುಷ್ಟಿಯೊಳಗೆ ತೂರಿಸಹೋಗಿ, ಕಪಾಟಿನ ರೇಷ್ಮೆಯ ಬಿಗಿಯನ್ನೇ ಅಲ್ಲಿ ಕಂಡು, ಆ ಮುದುಕಿಯ ನಗೆಯನ್ನು ನೆನೆದಳು.

“ನನ್ನ ಗಳಿಗಿ ಇದರ ಕೈಯಾಗ ಕುಂತೈತಿ ಸ್ಫೂರ್ತೀ” ಎಂದಳು. ಸೊಸೆಯು ಮಂಚದ ಬುಡದಿಂದ ಒಂದು ಡಬ್ಬಿ ಎಳೆದು, ಸೀರೆಯ ಚೀಟಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಅತ್ತೆಯ ಉಡಿಯಲ್ಲಿ ಹಾಕಿದಳು. ಅತ್ತೆಯು ಧಾರೆಯ ಸೀರೆಯನ್ನೂ ತರಿಸಿ ಅದರ ಜೊತೆಗಿಟ್ಟಳು. ಚನ್ನವೀರನು ಟಾಕಿಯ ಮಾತೆತ್ತದೆ ತಾಯಿಯನ್ನು ಬೆನ್ನ ಮೇಲೆ ಹೊತ್ತು ಹೊಳೆಗೆ ನಡೆದನು.

ಮುದುಕಿಯು ದಂಡೆಯಲ್ಲಿ ಕೂತು ಚಿಂದಿಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದಳು. ಆ ಕೌದಿಯ ಒಂದು ಅಂಚು ಮಡಿಲಲ್ಲಿತ್ತು, ಇನ್ನೊಂದು ಅಂಚು ಹೊಳೆ ದಾಟಿ, ಹೊಲ ದಾಟಿ, ಕಣ್ಣಿಗೆ ಕಾಣದಲ್ಲಿಗೆ ಹೋಗಿತ್ತು. ಲೋಕದಲ್ಲಿ ಯಾರ್ಯಾರು ಉಟ್ಟು ಸವೆಸಿದ್ದೆಲ್ಲ ಅದರಲ್ಲಿ ಇದ್ದಿತು. ತಾಯಿಯೂ ಮಗನೂ ಕೈಮುಗಿದರು. ನೀಲಗಂಗವ್ವ ಸೀರೆಗಳನ್ನು ಮುಂದಿಟ್ಟಳು.

“ನನಗ ಕೊಡೂದು ಆಮ್ಯಾಲ” ಎಂದಳು ಮುದುಕಿ. “ಇಂದು ಗೌರಿ ಹುಣ್ಣಿವಿ. ದೀಪ ಹಚ್ಚಿ, ಸೊಸಿದು ನೀ ಉಡು, ನಿಂದು ಆಕಿ ಉಡಲಿ. ಒಬ್ಬರದು ಒಬ್ಬರು ಗಳಿಗಿ ಮುರೀಬೇಕು. ಒಂದು ಸೀರಿ ಒಗತ ಕಾಣೂತನಾ ಇನ್ನೊಂದು ತರಬಾರದು. ಒಗತ ಕಂಡದ್ದನ್ನ ಮತ್ತ ಕಪಾಟಿನ್ಯಾಗ ಹುಗೀಬಾರದು. ಇಷ್ಟ ವ್ರತ.”

ನೀಲಗಂಗವ್ವನಿಗೆ ಜನ್ಮದ ಅಭ್ಯಾಸ ಬಿಡಲಿಲ್ಲ. “ಒಳ್ಳೆ ಗಳಿಗಿ ಯಾವಾಗ ಐತಿ ಯವ್ವಾ?” ಎಂದು ಕೇಳಿದಳು.

“ಮುರದಾಗ” ಎಂದಳು ಮುದುಕಿ.

ಆ ಸಂಜೆ ತುಂಬುಚಂದ್ರನು ಏರುತ್ತಿರಲಾಗಿ ದೀಪ ಹಚ್ಚಿ, ನೀಲಗಂಗವ್ವ ಮಂಚದ ಮೇಲೆ ಕೂತೇ ಧಾರೆಯ ಸೀರೆಯನ್ನು ಸೊಸೆಯ ಹೆಗಲ ಮೇಲಿಟ್ಟಳು. ಇಟ್ಟದ್ದೇ ತಡ, ರೇಷ್ಮೆಯು ನಿದ್ದೆಯಿಂದ ಎದ್ದಂತೆ ಒಂದು ಉಸಿರು ಬಿಟ್ಟು, ತಾನೇ ತಾನಾಗಿ ಜಾರಿ, ಮಡಿಕೆ ಮಡಿಕೆಯಾಗಿ ಬಿಚ್ಚುತ್ತ ನೆಲದ ಮೇಲೆ ಹರಿಯಿತು. ನಲವತ್ತು ವರ್ಷ ಒಳಗೇ ಇದ್ದ ಜರಿಯ ಬೆಳಕು ಸೂರಿಗೆ ಬಡಿಯಿತು. ಮೂಲೆಯಲ್ಲಿ ಕೊಡೆ ಅರಳಿತು, ಚಾಪೆ ಹಾಸಿಕೊಂಡಿತು, ಹಳೆಯ ಪತ್ರಿಕೆಗಳು ರೆಕ್ಕೆ ಬಿಚ್ಚಿದವು, ನೀಲಗಂಗವ್ವನ ಮಂಡಿ ನೆಟ್ಟಗಾಯಿತು. ಸೊಸೆಯು ಧಾರೆಯ ಸೀರೆಯನ್ನು ಉಟ್ಟಳು. ಅತ್ತೆಯು ಎದ್ದು ನಿಂತು ಸೊಸೆಯ ಸೀರೆಯನ್ನು ಉಟ್ಟಳು. ಅದು ಗಿಳಿಹಸಿರು, ಮೈತುಂಬ ಮಿಣಿಮಿಣಿ ಚುಕ್ಕಿ, ಸೆರಗಿಗೆ ಗೊಂಡೆ.

“ಅತ್ತೀ, ಥೇಟ್ ಆಕಾಶಬುಟ್ಟಿ ಆಗೀರಿ” ಎಂದಳು ಸೊಸೆ, ಕಣ್ಣೊರೆಸಿಕೊಳ್ಳುತ್ತ.

“ಬಾಯಿ ಮುಚ್ಚಿ ನಿರಗಿ ಹಿಡಿ, ಹುಚ್ಚಿ.”

ಆಗ ಹೊಸ್ತಿಲಲ್ಲಿ ಮುದುಕಿ ಬಂದು ನಿಂತಳು. ಅತ್ತೆಯು ಇಳಕಲ್ಲ ಸೀರೆಯನ್ನೂ ಸೊಸೆಯು ತನ್ನ ಕುಬುಸಕ್ಕೆ ಬಂದ ಖಣವನ್ನೂ ಎರಡೂ ಕೈಯಲ್ಲಿ ಕೊಟ್ಟರು. ಮುದುಕಿಯು ಅಲ್ಲಿಯೇ ಗಳಿಗೆ ಮುರಿದು ಉಟ್ಟು, ತಾನು ಬಿಟ್ಟ ಹಳೆಯ ಸೀರೆಯನ್ನು ಚಾಪೆಯ ಮೇಲೆ ಹಾಸಿ, ಹಿಂದಿರುಗಿ ನೋಡದೆ ಬೆಳುದಿಂಗಳಿಗೆ ಇಳಿದಳು. ಚನ್ನವೀರನು ಬಾಗಿಲಿಗೆ ಓಡಿ ನೋಡಿದರೆ, ಬೀದಿಯುದ್ದಕ್ಕೂ ಕುಂಕುಮದ ಹೆಜ್ಜೆಗಳಿದ್ದವು, ನಡೆದವರು ಯಾರೂ ಇರಲಿಲ್ಲ.

ಕೂಸನ್ನು ಆ ಸೀರೆಯ ಮೇಲೆ ಮಲಗಿಸಿದರು. ಅಳು ನಿಂತಿತು. ಮನೆಯಲ್ಲಿ ದೀಪ ಉರಿಯುವ ಸದ್ದು ಕೇಳಿಸಿತು. ಎಲ್ಲರೂ ಬಗ್ಗಿ ನೋಡುತ್ತಿರುವಂತೆ ಕೂಸಿನ ಮುಷ್ಟಿಯು ಕಿರುಬೆರಳಿನಿಂದ ಮೊದಲಾಗಿ ಮೆಲ್ಲಗೆ, ಒಂದೊಂದಾಗಿ ಬಿಚ್ಚಿತು. ಒಳಗೆ ಏನೂ ಇರಲಿಲ್ಲ. ಎಲ್ಲರೂ ಕೈಮುಗಿದರು.

ಅಂದಿನಿಂದ ಆ ಮನೆಯ ಸೀರೆಗಳು ಕೇರಿಯ ಮೈಗಳ ಮೇಲೆಲ್ಲ ತಿರುಗಿ ಬರತೊಡಗಿದವು. ಕಪಾಟು ಸರಿದು ತೊಟ್ಟಿಲಿಗೆ ಜಾಗವಾಯಿತು. ಟಾಕಿಯು ಮೊದಲ ಸಲ ತುಂಬಿ ಹರಿಯಿತು. ಅತ್ತೆ ಸೊಸೆಯರು ಜಗಳ ಬಿಟ್ಟರೆಂದು ಈ ಕಥೆ ಹೇಳುವುದಿಲ್ಲ. ಒಬ್ಬರ ಸೀರೆ ಒಬ್ಬರು ಉಟ್ಟುಕೊಂಡು ಜಗಳವಾಡಿದರು. ಧಾರೆಯ ಸೀರೆಯು ಹಾಗೆಯೇ ಸವೆದು ಸವೆದು, ಆ ಹೆಣ್ಣುಕೂಸು ಬೆಳೆದು ಹಡೆದ ಕೂಸಿಗೆ ಹಾಸಿಗೆಯಾಯಿತು.

ನೀಲಗಂಗವ್ವನಿಗೆ ಒಲಿದ ಗೌರಿಯು ಈ ಕಥೆ ಓದಿದವರಿಗೂ, ಕೇಳಿದವರಿಗೂ, ನಡುವೆ ತೂಕಡಿಸಿ ಈಗ ಎಚ್ಚರಾದವರಿಗೂ ಒಲಿಯಲಿ. ಇಟ್ಟವರಿಗೆ ಉಡುವ ದಿನ ಬರಲಿ, ತಂದವರಿಗೆ ಸಾಕೆನ್ನುವ ದಿನ ಬರಲಿ, ಹುಟ್ಟಿದ ಕೂಸುಗಳಿಗೆಲ್ಲ ಮೆತ್ತನೆಯ ಹಳೆಯ ಸೀರೆ ಸಿಗಲಿ. ಕಥೆ ಮುಗಿಯಿತು. ಅಕ್ಷತೆ ಹಿಡಿದು ಆಗಿನಿಂದ ಬಿಗಿದಿಟ್ಟ ಮುಷ್ಟಿಗಳನ್ನು ಇನ್ನು ಬಿಚ್ಚಿರಿ.